ಕಂಪ್ಯೂಟರ್ ಪ್ರೊಸೆಸರ್ ತಣ್ಣಗಿಡುವ ದೊಡ್ಡ ಏರ್ ಕೂಲರ್ ಕೊಳ್ಳುವ ಮುಂಚೆ, ಕೊಂಡ ಮೇಲೆ

ಮೊದಲು ಟೇಪ್ ಹಿಡಿಯಿರಿ. ಉದಾಹರಣೆಗೆ, ನೋಕ್ಟುವಾ ಎನ್‌ಎಚ್-ಡಿ15 ಅನ್ನೋ ಕೂಲರ್‌ನ ಎತ್ತರ 165 ಮಿ.ಮೀ., ಎರಡು ಫ್ಯಾನ್ ಸೇರಿ ತೂಕ ಸುಮಾರು 1.3 ಕೆ.ಜಿ. ಕ್ಯಾಬಿನೆಟ್‌ನಲ್ಲಿ ಅಷ್ಟು ಜಾಗ ಇಲ್ಲದಿದ್ದರೆ ಪಕ್ಕದ ಬಾಗಿಲು ಮುಚ್ಚುವುದಿಲ್ಲ, ಅಷ್ಟೇ. ರ‍್ಯಾಮ್ ಕೂಡ ನೋಡಿ. ಮುಂದಿನ ಫ್ಯಾನ್ ಕೆಳಗೆ ಇರೋದು 32 ಮಿ.ಮೀ. ಜಾಗ; ಮಿಣಮಿಣ ಲೈಟಿನ ಎತ್ತರದ ರ‍್ಯಾಮ್ ಇದ್ದರೆ ಫ್ಯಾನ್ ಮೇಲೆ ಸರಿಸಬೇಕು, ಆಗ ಒಟ್ಟು ಎತ್ತರವೂ ಜಾಸ್ತಿ ಆಗುತ್ತದೆ.

ಈಗ ಪರೀಕ್ಷೆ. ಸುಮ್ನೆ "70 ಡಿಗ್ರಿ ಬಂತು" ಅಂದರೆ ಅರ್ಥವಿಲ್ಲ. ಏಪ್ರಿಲ್‌ನ ರಾಯಚೂರಿನ ಕೋಣೆಯೂ ಡಿಸೆಂಬರ್‌ನ ಮಡಿಕೇರಿಯ ಕೋಣೆಯೂ ಒಂದೇ ಅಲ್ವಲ್ಲ! ಕೋಣೆಯ ಉಷ್ಣಾಂಶ ಬರೆದಿಟ್ಟುಕೊಂಡು, ಪ್ರೊಸೆಸರ್ ಉಷ್ಣಾಂಶದಿಂದ ಅದನ್ನು ಕಳೆಯಿರಿ. ಹೋಲಿಸಬೇಕಾದದ್ದು ಆ ವ್ಯತ್ಯಾಸವನ್ನು. ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪುಟ) ಪ್ರೊಸೆಸರ್‌ನ ಪವರ್ ಮಿತಿಯನ್ನು ಪ್ರತಿ ಪರೀಕ್ಷೆಗೂ ಅಷ್ಟೇ ವ್ಯಾಟ್‌ಗೆ ಕಟ್ಟಿಹಾಕಿ, ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಡುವ ಸಿನೆಬೆಂಚ್ ಪ್ರೋಗ್ರಾಮನ್ನು ಅರ್ಧ ಗಂಟೆ ಓಡಿಸಿ, ಉಷ್ಣಾಂಶ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಪ್ರೋಗ್ರಾಮಿನಲ್ಲಿ ಅಂಕಿ ನೋಡಿ. ಮೊದಲ ಐದು ನಿಮಿಷದ ಅಂಕಿ ನಂಬಬೇಡಿ, ಅಷ್ಟೊಂದು ಲೋಹ ಕಾಯಲು ಸಮಯ ಬೇಕು.

ರೈಜನ್ 7950ಎಕ್ಸ್ ಪ್ರೊಸೆಸರ್ ಇದ್ದವರು ಗಾಬರಿ ಆಗಬೇಡಿ. ಪೂರ್ತಿ ಲೋಡ್‌ನಲ್ಲಿ ಅದು 95 ಡಿಗ್ರಿವರೆಗೆ ಹೋಗುವುದು ವಿನ್ಯಾಸದಲ್ಲೇ ಇದೆ. ಅಲ್ಲಿ ಡಿಗ್ರಿ ಬಿಟ್ಟು, ವೇಗ ಎಷ್ಟು ಮೆಗಾಹರ್ಟ್ಸ್‌ನಲ್ಲಿ ನಿಲ್ಲುತ್ತದೆ ನೋಡಿ.

ಸದ್ದು? ಕ್ಯಾಬಿನೆಟ್ ಬಾಗಿಲು ಮುಚ್ಚಿ, ದಿನಾ ಕೂರುವ ಕುರ್ಚಿಯಲ್ಲೇ ಕೂತು ಕೇಳಿ. ನನಗಂತೂ ಎರಡು ಡಿಗ್ರಿ ಕಮ್ಮಿ ಆಗುವುದಕ್ಕಿಂತ ರಾತ್ರಿ ಸದ್ದಿಲ್ಲದಿರುವುದೇ ಮುಖ್ಯ. ಮತ್ತೆ, ಕಂಪ್ಯೂಟರನ್ನು ಬಸ್ಸಿನಲ್ಲೋ ಕಾರಿನಲ್ಲೋ ಊರಿಗೆ ಒಯ್ಯುವುದಿದ್ದರೆ ಇಷ್ಟು ತೂಕದ ಕೂಲರ್ ಬಿಚ್ಚಿಕೊಂಡೇ ಒಯ್ಯಿರಿ.