ಬಟ್ಟೆಯ ಒಳಮೈ

ಯಾವ ಬಟ್ಟೆ ಕೈಗೆ ಬಂದರೂ ಮೊದಲು ಅದನ್ನು ಒಳಮೈ ಹೊರಗಾಗುವಂತೆ ತಿರುಗಿಸಿ ನೋಡುವುದು ನನ್ನ ಹಳೆಯ ಚಾಳಿ. ಮೊಮ್ಮಗಳಿಗೆ ಇದರಿಂದ ಮುಜುಗರ. ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಯೊಂದರಲ್ಲಿ "ಅಜ್ಜೀ, ಎಲ್ರೂ ನೋಡ್ತಿದ್ದಾರೆ" ಅಂತ ಮೊಳಕೈಯಲ್ಲಿ ತಿವಿದಿದ್ದಳು. ನೋಡಲಿ ಬಿಡು ಅಂದೆ. ಹೊಲಿಗೆ ಎಷ್ಟು ದಟ್ಟವಾಗಿದೆ, ಅಂಚಿನಲ್ಲಿ ಬಿಡಿಸಿಕೊಳ್ಳಲು ಬಟ್ಟೆ ಬಿಟ್ಟಿದ್ದಾರೋ ಇಲ್ಲವೋ, ದಾರ ಎಲ್ಲಿ ಕಿತ್ತು ನೇತಾಡುತ್ತಿದೆ, ಇದೆಲ್ಲ ಒಳಗಡೆಯೇ ಕಾಣುವುದು.

ಈ ಚಾಳಿಯನ್ನು ಗಟ್ಟಿ ಮಾಡಿದವಳು ನಮ್ಮ ಹನುಮಂತನಗರದ ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದ ಹೆಂಗಸು. ಮೈಸೂರು ರಸ್ತೆಯ ಕಡೆ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು. ಬೆಳಿಗ್ಗೆ ಎಂಟಕ್ಕೆ ಮುಂಚೆ ಡಬ್ಬಿ ಹಿಡಿದು ಓಡಿದರೆ ದೀಪ ಹಚ್ಚಿದ ಮೇಲೆ ವಾಪಸು. "ಹನ್ನೊಂದು ವರ್ಷದಿಂದ ಕಾಲರ್ ಕೂರಿಸ್ತಿದ್ದೀನಿ ಅಮ್ಮ, ಒಂದು ಶರ್ಟನ್ನ ಪೂರ್ತಿ ಹೊಲಿದೋಳಲ್ಲ" ಅಂತ ಒಮ್ಮೆ ನಕ್ಕಿದ್ದಳು. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್ ಇರುತ್ತದಂತೆ. ನೀರು ಕುಡಿದರೆ ಏಳಬೇಕಾಗುತ್ತದೆ ಅಂತ ನೀರನ್ನೇ ಕಡಿಮೆ ಕುಡಿಯುತ್ತಿದ್ದಳು. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಹತ್ತಿರ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರಲ್ಲ, ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿದ್ದರೂ ಕೆಲಸಕ್ಕೆ ಒಳಗೆ ಕಳಿಸಿದ್ದರಲ್ಲ, ಆ ಸುದ್ದಿಯನ್ನು ನಮ್ಮ ಮನೆ ಟೀವಿಯಲ್ಲಿ ನಿಂತುಕೊಂಡೇ ನೋಡಿದಳು. ಮಾತಾಡಲಿಲ್ಲ. ಮೂರು ವರ್ಷ ಕಳೆದು 2016ರ ಏಪ್ರಿಲ್‌ನಲ್ಲಿ, ಪಿಎಫ್‌ನಲ್ಲಿ ಮಾಲೀಕರು ಹಾಕಿದ ಪಾಲನ್ನು 58 ವರ್ಷದ ತನಕ ತೆಗೆಯುವ ಹಾಗಿಲ್ಲ ಎಂಬ ನಿಯಮ ಬಂದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಗಟ್ಟಲೆ ರಸ್ತೆಗಿಳಿದರು. ಇವಳೂ ಹೋಗಿದ್ದಳು. ಎರಡೇ ದಿನದಲ್ಲಿ ಸರ್ಕಾರ ಆ ನಿಯಮ ಹಿಂದಕ್ಕೆ ತೆಗೆದುಕೊಂಡಿತು.

ಅಲ್ಲಿಂದಾಚೆಗೆ ಇನ್ನೂರು ರೂಪಾಯಿಯ ಟಾಪ್ ನೋಡಿದರೆ ನನಗೆ ಅಗ್ಗ ಅನ್ನಿಸುವುದಿಲ್ಲ, ಯಾರ ಕೂಲಿ ಇದರಲ್ಲಿ ಕಡಿತವಾಯಿತು ಅನ್ನಿಸುತ್ತದೆ. ಮಷೀನ್ ಬಟ್ಟೆ ಅಂತ ನಾವು ಕರೆಯುವುದನ್ನೂ ಕೈಗಳೇ ಹೊಲಿದಿರುತ್ತವೆ. ಹಾಗಾಗಿ ನಮ್ಮ ಮನೆಯಲ್ಲಿ ಒಂದು ಕ್ರಮ ಮಾಡಿಕೊಂಡಿದ್ದೇನೆ. ಬಟ್ಟೆ ಬೇಕು ಅನ್ನಿಸಿದರೆ ಮೊದಲು ಬೀರು, ಆಮೇಲೆ ನೆಂಟರಿಷ್ಟರ ಬೀರು, ಆಮೇಲೆ ಬೇರೆಯವರು ಉಟ್ಟು ಬಿಟ್ಟದ್ದು. ಇವೆಲ್ಲ ಆದಮೇಲೂ ಹೊಸದೇ ಬೇಕಾದರೆ ಕೈಮಗ್ಗದ್ದು.

ಉಟ್ಟು ಬಿಟ್ಟದ್ದು ಅಂದ ಕೂಡಲೇ ನನ್ನ ಓರಗೆಯವರು ಮೂಗು ಮುರಿಯುತ್ತಾರೆ. ಮೈಲಿಗೆ ಅಲ್ಲವೇ, ಯಾರದೋ ಏನೋ, ಸತ್ತವರದಾಗಿದ್ದರೆ? ನಾನು ಅವರಿಗೆ ಕೇಳುವುದು ಒಂದೇ. ಹುಟ್ಟಿದ ಕೂಸಿಗೆ ಮೊದಲು ಏನು ಸುತ್ತಿದಿರಿ? ತಾತನ ಹಳೇ ಪಂಚೆಯನ್ನೇ ತಾನೆ? ನೂರು ಸಲ ಒಗೆದು ಮೆತ್ತಗಾದ ಬಟ್ಟೆಯಷ್ಟು ಹಿತವಾದದ್ದು ಇನ್ನೊಂದಿಲ್ಲ ಅಂತ ನಮ್ಮ ಬಾಣಂತಿ ಕೋಣೆಗಳಿಗೆ ಗೊತ್ತಿತ್ತು. ಅಕ್ಕನ ಲಂಗ ತಂಗಿಗೆ, ತಂಗಿಯದು ಚಿಕ್ಕಮ್ಮನ ಮಗಳಿಗೆ ಅಂತ ಬೆಳೆದವರು ನಾವು. ಇನ್ನು ಮಡಿಯ ಮಾತಿಗೆ ಬಂದರೆ, ಹತ್ತು ವರ್ಷ ನೀರು ಕಾಣದ ರೇಷ್ಮೆ ಮಡಿಯಾಗಬಹುದು, ಕುದಿನೀರಲ್ಲಿ ಅದ್ದಿ ಬಿಸಿಲಿಗೆ ಹಾಕಿದ ಹತ್ತಿ ಆಗಬಾರದೇ! (ಈ ಮಾತಿಗೆ ನಮ್ಮ ಓರಗಿತ್ತಿ ಎರಡು ದಿನ ಫೋನ್ ಎತ್ತಲಿಲ್ಲ.)

ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಬಜಾರಿಗೆ ಹೋಗುವುದಾದರೆ ಬಿಸಿಲೇರುವ ಮುಂಚೆ ಹೋಗಿ. ನೆಲದ ಮೇಲೆ ರಾಶಿ ಹಾಕಿರುತ್ತಾರೆ, ಹಳೇ ರೇಡಿಯೋ, ಸ್ಪ್ಯಾನರ್, ಶೂಗಳ ನಡುವೆಯೇ ಬಟ್ಟೆ. ಅಲ್ಲಿ ಹಾಕಿ ನೋಡಲು ಜಾಗವಿಲ್ಲ. ಅದಕ್ಕೆ ನಿಮಗೆ ಸರಿಯಾಗಿ ಹೊಂದುವ ಒಂದು ಹಳೇ ಅಂಗಿ ಅಥವಾ ಕುರ್ತಾ ಚೀಲದಲ್ಲಿ ಒಯ್ದು ಅದರ ಮೇಲಿಟ್ಟು ಅಳತೆ ನೋಡುವುದು. ಲೇಬಲ್‌ನಲ್ಲಿರುವ ನಂಬರನ್ನು ನಂಬಬೇಡಿ, ಒಗೆದು ಒಗೆದು ಕುಗ್ಗಿರುತ್ತದೆ. ಕಂಕುಳು, ಕಾಲರಿನ ಒಳಗಡೆ, ಪ್ಯಾಂಟಾದರೆ ತೊಡೆಯ ಸಂದಿಯನ್ನು ಬೆಳಕಿಗೆ ಹಿಡಿಯಿರಿ. ಜರಡಿಯ ಹಾಗೆ ಕಂಡರೆ ಎರಡು ತಿಂಗಳಲ್ಲಿ ಹರಿಯುತ್ತದೆ. ಗುಂಡಿ ಹೋಗಿದ್ದರೆ ಚಿಂತೆಯಿಲ್ಲ, ಜಿಪ್ ಕೆಟ್ಟಿದ್ದರೂ ಹಾಕಿಸಬಹುದು. ಇಲಾಸ್ಟಿಕ್ ಬಟ್ಟೆಯೊಳಗೇ ಸೇರಿಕೊಂಡು ಸಡಿಲವಾಗಿದ್ದರೆ ಮಾತ್ರ ಮುಟ್ಟಬೇಡಿ. ಬೆವರಿನ ಹಳದಿ ಕಲೆ ಹೋಗುತ್ತದೆ ಅಂತ ಮಾರುವವನು ಹೇಳಿದರೂ ಹೋಗುವುದಿಲ್ಲ. ಒಳಉಡುಪು ಹೊಸದೇ ಕೊಳ್ಳಿ, ಅದರಲ್ಲಿ ವಾದವಿಲ್ಲ. ಮಕ್ಕಳ ಬಟ್ಟೆಯನ್ನಂತೂ ಹೊಸದು ಕೊಳ್ಳುವವರನ್ನು ಕಂಡರೆ ನನಗೆ ಅರ್ಥವೇ ಆಗುವುದಿಲ್ಲ, ಸವೆಯುವ ಮುಂಚೆಯೇ ಮಗು ಬೆಳೆದಿರುತ್ತದೆ.

ತಂದ ದಿನವೇ ಬೀರುವಿಗೆ ಸೇರಿಸಬಾರದು. ಹತ್ತಿಯದಾದರೆ ಬಿಸಿನೀರಲ್ಲಿ ಬೇರೆಯಾಗಿ ನೆನೆಸಿ, ಒಗೆದು, ಒಳಮೈ ಮೇಲೆ ಬರುವ ಹಾಗೆ ಬಿಸಿಲಿಗೆ ಹಾಕಿ. ನುಸಿಗುಳಿಗೆ ವಾಸನೆ ಒಂದೇ ಸಲಕ್ಕೆ ಹೋಗುವುದಿಲ್ಲ, ಎರಡು ಮೂರು ದಿನ ಗಾಳಿಗೆ ಹರಡಬೇಕು. ಜಾಲಾಡುವ ಕೊನೆಯ ನೀರಿಗೆ ಅರ್ಧ ಲೋಟ ಬಿಳಿ ವಿನೆಗರ್ ಹಾಕಿದರೆ ಹಳೇ ಬೆವರಿನ ವಾಸನೆಯೂ ಇಳಿಯುತ್ತದೆ.

ಹಳೇ ರೇಷ್ಮೆ ಸೀರೆಯ ಕಥೆಯೇ ಬೇರೆ, ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ರೇಷ್ಮೆ ಮೊದಲು ಸೋಲುವುದು ಮಡಿಕೆಯಲ್ಲಿ. ಸೀರೆಯನ್ನು ಪೂರ್ತಿ ಬಿಚ್ಚಿಸಿ, ಮಡಿಕೆಯ ಗೆರೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಎರಡು ಹೆಬ್ಬೆರಳುಗಳ ನಡುವೆ ಮೆಲ್ಲಗೆ ಎಳೆಯಿರಿ. ಚರ್ ಅಂದರೆ ಅಲ್ಲಿಗೇ ಬಿಡಿ, ಉಟ್ಟ ದಿನವೇ ಹರಿಯುವ ಸೀರೆ ಅದು. ಅಂಚು ಮೈಗೆ ಸೇರುವ ಜಾಗ, ಫಾಲ್ಸ್ ಹೊಲಿದು ಬಿಚ್ಚಿದ ತೂತುಗಳು, ಸೊಂಟಕ್ಕೆ ಸಿಕ್ಕಿಸುವ ಭಾಗ, ಇವೂ ಹಾಗೆಯೇ. ಜರಿ ಅಸಲೋ ನಕಲೋ ತಿಳಿಯಲು ಅಂಚಿನ ಕೊನೆಯಲ್ಲಿ ಒಂದೆಳೆ ಬಿಚ್ಚಿ ಉಗುರಿನಿಂದ ಕೆರೆಯಿರಿ. ಅಸಲಿಯಾದರೆ ಬೆಳ್ಳಿಯ ತಂತಿ ಬಿಚ್ಚಿಕೊಂಡು ಒಳಗೆ ಸಾಮಾನ್ಯವಾಗಿ ಕೆಂಪು ರೇಷ್ಮೆ ಎಳೆ ಕಾಣುತ್ತದೆ. ನಕಲಿಯಲ್ಲಿ ಬಿಳಿಯ ಪಾಲಿಯೆಸ್ಟರ್ ದಾರ. ಈ ಬೆಳ್ಳಿಯ ಆಸೆಗೇ "ಹಳೇ ಜರಿ ಸೀರೆ ಕೊಳ್ಳುತ್ತೇವೆ" ಅಂತ ಚಿಕ್ಕಪೇಟೆಯಲ್ಲಿ ಬೋರ್ಡು ನೇತುಹಾಕಿರುವುದು. ತೂಗಿ ಕೊಂಡು, ಸುಟ್ಟು, ಬೆಳ್ಳಿ ತೆಗೆಯುತ್ತಾರೆ. ಉಡಲು ಬರುವ ಸೀರೆಯನ್ನು ದಯವಿಟ್ಟು ಅಲ್ಲಿಗೆ ಒಯ್ಯಬೇಡಿ. ಉಡುವವರಿಗೆ ಅರ್ಧ ಬೆಲೆಗೇ ಕೊಟ್ಟರೂ ಪರವಾಗಿಲ್ಲ.

ನನ್ನ ಮೊಮ್ಮಗಳು ರೇಷ್ಮೆಯನ್ನೇ ಬೇಡ ಅನ್ನುತ್ತಾಳೆ. ರಾಮನಗರದ ಗೂಡಿನ ಮಾರುಕಟ್ಟೆಗೆ ಕಾಲೇಜಿನಿಂದ ಕರೆದುಕೊಂಡು ಹೋಗಿದ್ದರಂತೆ, ಗೂಡಿನೊಳಗೆ ಹುಳು ಇದ್ದಂತೆಯೇ ಬೇಯಿಸಿ ನೂಲು ತೆಗೆಯುತ್ತಾರೆ ಅಂತ ಅಲ್ಲಿ ತಿಳಿಯಿತು. ಅವಳ ಮಾತನ್ನು ತೆಗೆದುಹಾಕಲು ನನ್ನ ಬಳಿ ಉತ್ತರವಿಲ್ಲ. ಆದರೆ ನನ್ನ ಮದುವೆಯ ಸೀರೆಯನ್ನು ಅವಳು ಉಟ್ಟರೆ ಹೊಸದಾಗಿ ಒಂದು ಹುಳುವೂ ಸಾಯುವುದಿಲ್ಲವಲ್ಲ ಅಂದೆ. ಯೋಚನೆ ಮಾಡಿ ಒಪ್ಪಿದಳು. ಒಗೆಯುವ ಪ್ರಸಂಗ ಬಂದರೆ ತಣ್ಣೀರಲ್ಲಿ ಅಂಟುವಾಳದ ನೊರೆ, ಹಿಂಡದೆ ನೆರಳಲ್ಲಿ ಒಣಗಿಸುವುದು, ಹಿಂಬದಿಯಿಂದ ಇಸ್ತ್ರಿ. ಜರಿಗೆ ನುಸಿಗುಳಿಗೆ ತಾಗಿದರೆ ಕಪ್ಪಾಗುತ್ತದೆ. ಹಳೇ ಮಲ್ ಪಂಚೆಯಲ್ಲಿ ಸುತ್ತಿ, ಒಣಗಿದ ಬೇವಿನೆಲೆಯೋ ನಾಲ್ಕು ಲವಂಗವೋ ಇಟ್ಟು, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಾಯಿಸಿ.

ಇನ್ನು ಕೈಮಗ್ಗ. ಇದರಲ್ಲಿ ನಾನೇ ಟೋಪಿ ಹಾಕಿಸಿಕೊಂಡವಳು. ಒಂದು ಮೇಳದಲ್ಲಿ "ಅಪ್ಪಟ ಖಾದಿ" ಅಂತ ತಂದ ಕುರ್ತಾ ಮೊದಲ ಇಸ್ತ್ರಿಗೇ ಪೆಟ್ಟಿಗೆಗೆ ಅಂಟಿಕೊಂಡಿತು. ಖಾದಿ ಎಲ್ಲಾದರೂ ಕರಗುತ್ತದೆಯೇ? ಅವತ್ತಿನಿಂದ ಅಂಚಿನ ನಾಲ್ಕು ಎಳೆ ಕಿತ್ತು ಬೆಂಕಿಕಡ್ಡಿಗೆ ಹಿಡಿಯದೆ ಸಮಾಧಾನವಿಲ್ಲ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ರೇಷ್ಮೆಯಾದರೆ ಕೂದಲು ಸುಟ್ಟ ಹಾಗೆ ನಾರಿ, ಮುಟ್ಟಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಸಿಂಕಿನ ಪಕ್ಕ ನಿಂತು ಮಾಡಿ, ಸೆರಗು ಜೋಪಾನ.

ಖಾದಿಗೂ ಕೈಮಗ್ಗಕ್ಕೂ ವ್ಯತ್ಯಾಸ ಗೊತ್ತಿರಲಿ. ನೂಲನ್ನೂ ಚರಕದಲ್ಲಿ ತೆಗೆದು ಕೈಯಲ್ಲೇ ನೇಯ್ದರೆ ಖಾದಿ. ಗಿರಣಿ ನೂಲನ್ನು ಕೈಯಲ್ಲಿ ನೇಯ್ದರೆ ಕೈಮಗ್ಗ. ಕೈಮಗ್ಗದ ಗುರುತಿಗೆ 2006ರಲ್ಲಿ ಕೇಂದ್ರ ಸರ್ಕಾರ ಹ್ಯಾಂಡ್‌ಲೂಮ್ ಮಾರ್ಕ್ ತಂದಿತು, ಶುದ್ಧ ರೇಷ್ಮೆಗೆ ಸಿಲ್ಕ್ ಮಾರ್ಕ್ ಇದೆ. ಶುದ್ಧ ರೇಷ್ಮೆ ಎಂದ ಮಾತ್ರಕ್ಕೆ ಕೈಯಲ್ಲಿ ನೇಯ್ದದ್ದು ಅಂತ ಅರ್ಥವಲ್ಲ. 1912ರಲ್ಲಿ ಶುರುವಾದ ನಮ್ಮ ಮೈಸೂರು ರೇಷ್ಮೆ ಕಾರ್ಖಾನೆಗೆ ಸ್ವಿಟ್ಜರ್ಲೆಂಡಿನಿಂದ ಯಂತ್ರಮಗ್ಗ ತರಿಸಿದ್ದರು. ಅಪ್ಪಟ ಚಿನ್ನದಂಥ ಸೀರೆ, ಆದರೆ ಕೈಮಗ್ಗದ್ದಲ್ಲ. ಚೀಟಿ ಇಲ್ಲದ ಕಡೆ ಕಣ್ಣೇ ಗತಿ. ಮಗ್ಗದಲ್ಲಿ ಬಟ್ಟೆಯನ್ನು ಅಗಲಕ್ಕೆ ಎಳೆದು ಹಿಡಿಯಲು ಎರಡೂ ಬದಿಗೆ ಮೊಳೆ ಚುಚ್ಚಿರುತ್ತಾರೆ, ಅಂಚಿನಲ್ಲಿ ಸಣ್ಣ ತೂತುಗಳು ಸಾಲಾಗಿ ಕಾಣುತ್ತವೆ. ಹೊಕ್ಕಿನ ಎಳೆ, ಅಂದರೆ ಅಡ್ಡಕ್ಕೆ ಹೋಗುವ ನೂಲು, ಒಂದು ಕಡೆ ಬಿಗಿ, ಒಂದು ಕಡೆ ಒಂಚೂರು ಸಡಿಲ. ಲಾಳಿ ಎಸೆದವರು ನಡುವೆ ಕಾಫಿಗೆ ಎದ್ದಿರಬೇಕು ಅಂದುಕೊಂಡು ನಾನು ಅಂಥದ್ದನ್ನೇ ಆರಿಸುತ್ತೇನೆ.

ಇಳಕಲ್ ಸೀರೆ ಕೊಳ್ಳುವಾಗ ಸೆರಗು ಮೈಗೆ ಸೇರುವ ಗೆರೆಯ ಒಳಮೈಯನ್ನು ನೋಡಿ. ಮೈಯ ಹಾಸಿನ ಎಳೆಗೆ, ಅಂದರೆ ಉದ್ದಕ್ಕೆ ಹೋಗುವ ನೂಲಿಗೆ, ಸೆರಗಿನ ಹಾಸಿನ ಎಳೆಯನ್ನು ಕುಣಿಕೆ ಹಾಕಿ ಒಂದೊಂದಾಗಿ ಜೋಡಿಸಿರುತ್ತಾರೆ. ಹಾಗಾಗಿ ಒಂದೊಂದು ಸೀರೆಗೂ ಬೇರೆಯಾಗಿ ಹಾಸು ಹೂಡಬೇಕು, ಹತ್ತು ಸೀರೆ ಒಟ್ಟಿಗೆ ಉರುಳುವುದಿಲ್ಲ. ಯಂತ್ರಮಗ್ಗದ ನಕಲಿಯಲ್ಲಿ ಆ ಕುಣಿಕೆ ಕಾಣುವುದಿಲ್ಲ. ಕಸೂತಿಯಲ್ಲೂ ಒಳಮೈಯೇ ಸಾಕ್ಷಿ. ಗಾವಂಟಿ, ಮುರ್ಗಿ ಹೊಲಿಗೆಗಳು ಎರಡೂ ಕಡೆ ಒಂದೇ ರೀತಿ ಇರಬೇಕು, ಎಲ್ಲೂ ಗಂಟು ಇರಬಾರದು. ಧಾರವಾಡದ ಕಡೆಯ ಹೆಂಗಸರು ಗೆರೆ ಎಳೆದುಕೊಳ್ಳದೆ ಬಟ್ಟೆಯ ಎಳೆ ಎಣಿಸಿಯೇ ಗೋಪುರ, ತೇರು, ತುಳಸಿಕಟ್ಟೆ ಮೂಡಿಸುತ್ತಾರೆ. ಮಷೀನ್ ಕಸೂತಿಯ ಹಿಂದೆ ದಾರದ ಗೋಜಲು, ಮೇಲೆ ಕಾಗದದಂಥ ಪದರ ಬೇರೆ. ಇಂಥ ಕೆಲಸದ ಬೆಲೆ ಕೇಳಿ "ಐನೂರು ಬಿಟ್ಟುಕೊಡಿ" ಅನ್ನುವ ಮುಂಚೆ ಕಣ್ಣು ಎಷ್ಟು ದಿನ ಎಳೆ ಎಣಿಸಿರಬಹುದು ಅಂತ ಲೆಕ್ಕ ಹಾಕಿ. ಚೌಕಾಸಿ ನನಗೂ ಇಷ್ಟವೇ, ಸೊಪ್ಪಿನವಳ ಹತ್ತಿರವೂ ಬಿಡದವಳು ನಾನು. ಆದರೆ ಚಿತ್ರಕಲಾ ಪರಿಷತ್ತಿನ ಮೇಳದಲ್ಲಿ ನೇಕಾರರೇ ಬಂದು ಕೂತಿದ್ದರೆ ಬಾಯಿ ಮುಚ್ಚಿಕೊಳ್ಳುತ್ತೇನೆ. ಕೈಯಲ್ಲಿ ದುಡ್ಡಿಲ್ಲದಿದ್ದರೆ ಮುಂದಿನ ವರ್ಷ.

ಸಾಗರದ ಹತ್ತಿರ ಭೀಮನಕೋಣೆಯ ಚರಕ ಸಂಸ್ಥೆಯ ಹೆಂಗಸರು ಅಡಿಕೆ ಬೇಯಿಸಿ ಉಳಿದ ಚೊಗರಿನಲ್ಲಿ ಬಣ್ಣ ಹಾಕಿದ ಬಟ್ಟೆ "ದೇಸಿ" ಹೆಸರಿನ ಅಂಗಡಿಗಳಲ್ಲಿ ಸಿಗುತ್ತದೆ. ನನಗೆ ಆ ಕಾವಿಗೆಂಪು ಬಲು ಪ್ರೀತಿ. ಗಿಡಮೂಲದ ಬಣ್ಣವನ್ನು ಮೊದಲ ಮೂರು ಸಲ ಒಂದೊಂದೇ ಒಗೆಯಿರಿ. ಡಿಟರ್ಜೆಂಟ್ ಪುಡಿಯಲ್ಲಿ ನೆನೆಹಾಕಬೇಡಿ, ನಿಂಬೆಹುಳಿ ತಾಗಿಸಬೇಡಿ, ನೆರಳಲ್ಲಿ ಒಣಗಿಸಿ. ಮಸುಕಾಗುತ್ತದೆ, ಅದು ಅದರ ಗುಣ. ಸರ್ಕಾರದ ಕೈಮಗ್ಗ ನಿಗಮದ ಪ್ರಿಯದರ್ಶಿನಿ ಮಳಿಗೆಯಲ್ಲಿ ನಮ್ಮ ರಾಜ್ಯದ ಕೈಮಗ್ಗದ ಟವೆಲ್, ಹೊದಿಕೆ ಸಿಗುತ್ತವೆ. ಸೀರೆ ದುಬಾರಿ ಅನ್ನಿಸಿದವರು ಅಲ್ಲಿಂದ ಶುರು ಮಾಡಬಹುದು.

ಮೊಮ್ಮಗಳ ಮೇಲೆ ಒಂದು ದೂರು ಇದೆ. ಸೆಕೆಂಡ್ ಹ್ಯಾಂಡ್ ತಾನೇ ಅಜ್ಜಿ ಅಂತ ಇನ್‌ಸ್ಟಾಗ್ರಾಂ ನೋಡಿ ಒಂದೇ ತಿಂಗಳಲ್ಲಿ ಹದಿನಾಲ್ಕು ಟಾಪ್ ಕೊರಿಯರ್‌ನಲ್ಲಿ ತರಿಸಿದಳು. ಅಷ್ಟೂ ಪ್ಲಾಸ್ಟಿಕ್ ಲಕೋಟೆಗಳಲ್ಲಿ. ಐದನ್ನು ಇನ್ನೂ ಬಿಚ್ಚಿಲ್ಲ. ಇದು ನಾನು ಹೇಳಿದ್ದಲ್ಲ ಕಣೇ ಅಂದೆ. ಕೊಡುವಾಗಲೂ ಹೀಗೇ ಎಡವುತ್ತೇವೆ. 2018ರಲ್ಲಿ ಕೊಡಗಿನ ಪ್ರವಾಹದ ಹೊತ್ತು ನಮ್ಮ ಬಡಾವಣೆಯಲ್ಲಿ ಬಟ್ಟೆ ಸೇರಿಸುವ ಕಡೆ ವಿಂಗಡಿಸಲು ಕೂತಿದ್ದೆ. ಕಂಕುಳು ಹರಿದ ರವಿಕೆ, ಒಂದೇ ಕಾಲಿನ ಸಾಕ್ಸ್, ಯಾರದೋ ಮದುವೆಯ ಲೆಹೆಂಗಾ! ಗುಂಡಿ ಹಾಕಿ, ಒಗೆದು, ಇಸ್ತ್ರಿ ಮಾಡಿದ್ದನ್ನು ಮಾತ್ರ ಕೊಡಿ. ಉಳಿದದ್ದು ಮನೆಯಲ್ಲೇ ಕೆಲಸಕ್ಕೆ ಬರುತ್ತದೆ.

ಸಣ್ಣ ತೂತಿಗೆ ಹೆದರಬೇಡಿ. ರಫು ಮಾಡುವವರು ಪೇಟೆ ಕಡೆ ಇನ್ನೂ ಇದ್ದಾರೆ, ಅದೇ ಬಟ್ಟೆಯ ಒಳ ಅಂಚಿನಿಂದ ಎಳೆ ತೆಗೆದು ತುಂಬಿದರೆ ತೂತು ಎಲ್ಲಿತ್ತು ಅಂತ ನೀವೇ ಹುಡುಕಬೇಕು. ಮದುವೆ ಸೀರೆಯ ಮಡಿಕೆ ಒಂದು ಕಡೆ ಸೋತಿತ್ತು. ಆ ಭಾಗಕ್ಕೆ ಹಿಂದಿನಿಂದ ತೆಳು ಮಲ್ ಬಟ್ಟೆ ಕೊಟ್ಟು, ಸೂಜಿ ಚುಚ್ಚಿದ್ದು ಕಾಣದ ಹಾಗೆ ಹೊಲಿದವಳು ನಮ್ಮ ಹಳೇ ಬಾಡಿಗೆದಾರಳೇ. ಈಗ ಗಾರ್ಮೆಂಟ್ಸ್ ಬಿಟ್ಟು ಶ್ರೀನಗರದಲ್ಲಿ ಆಲ್ಟರೇಶನ್ ಅಂಗಡಿ ಇಟ್ಟಿದ್ದಾಳೆ. ಮೊನ್ನೆ ಸೀರೆ ತರಲು ಹೋದಾಗ ಅವಳ ಮಷೀನಿನ ಮೇಲೆ ಒಂದು ಗಂಡಸಿನ ಶರ್ಟ್ ಮುಗಿಯುತ್ತಾ ಬಂದಿತ್ತು. ಕಾಲರ್, ತೋಳು, ಜೇಬು, ಕಾಜ, ಎಲ್ಲ ಅವಳದೇ. ನಾನು ತಿರುಗಿಸುವ ಮುಂಚೆಯೇ ಅವಳು ಒಳಮೈ ಮಾಡಿ ನನ್ನ ಕೈಗಿಟ್ಟಳು.