1933ರ ‘ಕಿಂಗ್ ಕಾಂಗ್’ ಚಿತ್ರವನ್ನು ಮನೆಯಲ್ಲಿ ಸರಿಯಾಗಿ ತೋರಿಸುವ ಬಗೆ

ಮೆರಿಯನ್ ಸಿ. ಕೂಪರ್ ಮತ್ತು ಅರ್ನೆಸ್ಟ್ ಬಿ. ಶೂಡ್‌ಸ್ಯಾಕ್ ಜೊತೆಯಾಗಿ ನಿರ್ದೇಶಿಸಿದ ‘ಕಿಂಗ್ ಕಾಂಗ್’ ಚಿತ್ರವನ್ನು ಮನೆಮಂದಿಗೋ ನೆರೆಹೊರೆಯವರಿಗೋ ತೋರಿಸಬೇಕೆಂದಿರುವವರು ಮೊದಲು ಟಿವಿಯ ರಿಮೋಟ್ ಕೈಗೆ ತೆಗೆದುಕೊಳ್ಳಬೇಕು. ಈಗಿನ ಟಿವಿಗಳು ಅಂಗಡಿಯಿಂದ ಬರುವಾಗಲೇ ಚಿತ್ರವನ್ನು ಇನ್ನಷ್ಟು ನುಣುಪಾಗಿ, ಇನ್ನಷ್ಟು ಚೂಪಾಗಿ ತೋರಿಸುವ ಸೌಲಭ್ಯಗಳನ್ನು ಚಾಲೂ ಮಾಡಿಕೊಂಡೇ ಬರುತ್ತವೆ. ಕ್ರಿಕೆಟ್ ಪಂದ್ಯಕ್ಕೆ ಅವು ಒಪ್ಪಬಹುದು, ಆದರೆ ಈ ಚಿತ್ರದ ಜೀವಾಳವಾದ ಕೈಕೆಲಸವನ್ನು ಅವು ಅಳಿಸಿಬಿಡುತ್ತವೆ.

ಅದು ಹೇಗೆಂದು ತಿಳಿಯಲು ಕಾಂಗ್‌ನನ್ನು ಹೇಗೆ ಮಾಡಿದ್ದರೆಂಬುದನ್ನು ತಿಳಿದಿರಬೇಕು. ಪರದೆಯ ಮೇಲೆ ಬೆಟ್ಟದಂತೆ ಕಾಣುವ ಈ ವಾನರ ವಾಸ್ತವದಲ್ಲಿ ಸುಮಾರು 18 ಅಂಗುಲ ಎತ್ತರದ ಬೊಂಬೆ. ಮಾರ್ಸೆಲ್ ಡೆಲ್ಗಾಡೊ ಲೋಹದ ಅಸ್ಥಿಪಂಜರದ ಮೇಲೆ ರಬ್ಬರ್ ಮತ್ತು ಹತ್ತಿಯಿಂದ ಸ್ನಾಯುಗಳನ್ನು ಕಟ್ಟಿ, ಮೊಲದ ತುಪ್ಪಳ ಹೊದಿಸಿ ಅದನ್ನು ರೂಪಿಸಿದರು. ವಿಲ್ಲಿಸ್ ಒ’ಬ್ರಿಯನ್ ಮತ್ತು ಅವರ ಸಂಗಡಿಗರು ಅದನ್ನು ಕೂದಲೆಳೆಯಷ್ಟು ಸರಿಸಿ ಒಂದು ಫ್ರೇಮ್ ಚಿತ್ರೀಕರಿಸಿ, ಮತ್ತೆ ಸರಿಸಿ ಇನ್ನೊಂದು ಫ್ರೇಮ್ ತೆಗೆಯುತ್ತ, ಒಂದು ಸೆಕೆಂಡಿಗೆ 24 ಫ್ರೇಮುಗಳಂತೆ ಅದಕ್ಕೆ ಚಲನೆ ಕೊಟ್ಟರು. ಕಾಂಗ್‌ನ ಭುಜ ಮತ್ತು ಎದೆಯ ತುಪ್ಪಳ ಗಾಳಿ ಬೀಸಿದಂತೆ ಅಲುಗುವುದನ್ನು ಗಮನಿಸಿ; ಪ್ರತಿ ಬಾರಿ ಬೊಂಬೆಯನ್ನು ಮುಟ್ಟಿದ ಬೆರಳುಗಳ ಗುರುತು ಅದು. ಟಿವಿ ಎರಡು ಫ್ರೇಮುಗಳ ನಡುವೆ ತಾನೇ ಹೊಸ ಫ್ರೇಮುಗಳನ್ನು ಸೃಷ್ಟಿಸಿ ತುಂಬಿದಾಗ ಆ ನಡುಕವೂ ನಡಿಗೆಯ ತೂಕವೂ ಕರಗಿಹೋಗುತ್ತವೆ. ಆದ್ದರಿಂದ ಪಿಕ್ಚರ್ ಸೆಟ್ಟಿಂಗ್ಸ್‌ಗೆ ಹೋಗಿ, ಎಲ್‌ಜಿಯಲ್ಲಿ ಟ್ರೂಮೋಷನ್ ಎಂದೂ ಸೋನಿಯಲ್ಲಿ ಮೋಷನ್‌ಫ್ಲೋ ಎಂದೂ ಕರೆಯಲಾಗುವ ಸೌಲಭ್ಯವನ್ನು ಪೂರ್ತಿಯಾಗಿ ಆಫ್ ಮಾಡಬೇಕು. ಫಿಲ್ಮ್‌ಮೇಕರ್ ಮೋಡ್ ಇರುವ ಟಿವಿಯಾದರೆ ಅದನ್ನು ಆರಿಸಿಕೊಂಡರೆ ಸಾಕು. ಶಾರ್ಪ್‌ನೆಸ್ ಮತ್ತು ನಾಯ್ಸ್ ರಿಡಕ್ಷನ್‌ಗಳನ್ನೂ ತಗ್ಗಿಸಿ, ಹಳೆಯ ಫಿಲ್ಮಿನ ಕಣಗಳು ಕಾಣುವಂತಿರಲಿ.

ಚಿತ್ರದ ಚೌಕಟ್ಟು 1.37:1 ಅನುಪಾತದ್ದು, ಹಾಗಾಗಿ ಪರದೆಯ ಎಡಬಲಗಳಲ್ಲಿ ಕಪ್ಪು ಪಟ್ಟಿ ಉಳಿಯಲೇಬೇಕು. ಜಾಗ ವ್ಯರ್ಥವಾಯಿತೆಂದು ಚಿತ್ರವನ್ನು ಹಿಗ್ಗಿಸಿದರೆ ಕಾಂಗ್ ಕುಳ್ಳನಾಗುತ್ತಾನೆ, ಝೂಮ್ ಮಾಡಿದರೆ ಗಾಜಿನ ಮೇಲೆ ಬರೆದ ಕಾಡಿನ ಮೇಲ್ಭಾಗ ಕತ್ತರಿಸಿಹೋಗುತ್ತದೆ. ಚಿತ್ರದ ಕಥೆಯಲ್ಲಿ ಸುಮಾತ್ರಾದ ಪಶ್ಚಿಮಕ್ಕಿರುವ, ಕಾಂಗ್ ವಾಸಿಸುವ ದ್ವೀಪದ ದಟ್ಟ ಕಾಡು ಕ್ಯಾಲಿಫೋರ್ನಿಯಾದ ಸ್ಟುಡಿಯೋದಲ್ಲಿ ಇಂಥ ಗಾಜಿನ ಚಿತ್ರಗಳು ಮತ್ತು ಪುಟ್ಟ ಮಾದರಿಗಳಿಂದ ಹುಟ್ಟಿದ್ದು ಎಂಬುದನ್ನು ನೆನೆದರೆ, ಅದರ ಒಂದು ಅಂಗುಲವನ್ನೂ ಕಳೆದುಕೊಳ್ಳಲು ಮನಸ್ಸು ಬಾರದು. ಬಣ್ಣ ಹಚ್ಚಿದ ಪ್ರತಿಯನ್ನು ದೂರವಿಡಿ. 1938ರ ಮರುಬಿಡುಗಡೆಯಲ್ಲಿ ಕೆಲವು ದೃಶ್ಯಗಳನ್ನು ಕತ್ತರಿಸಿ, ಮುಂದೆ ಅವನ್ನು ಹುಡುಕಿ ಮರಳಿ ಸೇರಿಸಲಾಗಿರುವುದರಿಂದ, ದ್ವೀಪದ ಹಳ್ಳಿಗೆ ನುಗ್ಗಿದ ಕಾಂಗ್ ಒಬ್ಬನನ್ನು ಬಾಯಿಗೆ ಹಾಕಿಕೊಳ್ಳುವ ದೃಶ್ಯ ನಿಮ್ಮ ಪ್ರತಿಯಲ್ಲಿ ಇದೆಯೇ ಎಂದು ಮೊದಲೇ ನೋಡಿಟ್ಟುಕೊಳ್ಳಿ.

ಧ್ವನಿಯ ವಿಷಯದಲ್ಲಿ ಕೊಂಚ ತಾಳ್ಮೆ ಬೇಕು. ಸಂಗೀತ ಸಂಯೋಜಕ ಮ್ಯಾಕ್ಸ್ ಸ್ಟೈನರ್ ಶೀರ್ಷಿಕೆಗಳು ಮುಗಿದ ಬಳಿಕ ಆರಂಭದ ನ್ಯೂಯಾರ್ಕ್ ಮತ್ತು ದ್ವೀಪಕ್ಕೆ ಸಾಗುವ ಹಡಗಿನ ದೃಶ್ಯಗಳಿಗೆ ಹಿನ್ನೆಲೆ ಸಂಗೀತವನ್ನೇ ಕೊಟ್ಟಿಲ್ಲ. ಹಡಗು ಮಂಜಿನೊಳಗೆ ಸಾಗಿ ದ್ವೀಪ ಸಮೀಪಿಸಿದಾಗಲೇ ವಾದ್ಯಗಳು ಮೆಲ್ಲಗೆ ಎಚ್ಚೆತ್ತುಕೊಳ್ಳುತ್ತವೆ. ಆರಂಭದ ಮೌನಕ್ಕೆ ಬೇಸತ್ತು ವಾಲ್ಯೂಮ್ ಏರಿಸಿದರೆ ಮುಂದೆ ಕಾಂಗ್‌ನ ಗರ್ಜನೆ ಕಿವಿಗಡಚಿಕ್ಕುತ್ತದೆ. ಆದ್ದರಿಂದ ಆ ಗರ್ಜನೆಯ ದೃಶ್ಯವನ್ನೇ ಹಾಕಿ ವಾಲ್ಯೂಮ್ ಹೊಂದಿಸಿ, ಆಮೇಲೆ ಮೊದಲಿನಿಂದ ಶುರು ಮಾಡುವುದು ಒಳ್ಳೆಯದು. ಮೂಲ ಧ್ವನಿ ಮೋನೊ ಆಗಿರುವುದರಿಂದ ಸರೌಂಡ್ ಸೌಂಡ್‌ನ ಅಗತ್ಯವಿಲ್ಲ.

ಬೆಂಗಳೂರಿನಲ್ಲಿ ತಾರಸಿಯ ಮೇಲೆ ಪ್ರೊಜೆಕ್ಟರ್ ಇಟ್ಟು ತೋರಿಸುವ ಆಸೆಯಿದ್ದರೆ ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಸಂಜೆಗಳನ್ನು ಆರಿಸಿಕೊಳ್ಳಿ. ಏಪ್ರಿಲ್ ಬಂತೆಂದರೆ ಸಂಜೆಯ ಹೊತ್ತಿಗೆ ಗುಡುಗು ಸಹಿತ ಮಳೆ ಯಾವಾಗ ಸುರಿದೀತೆಂದು ಹೇಳಲಾಗದು. ಚಿತ್ರದ ಹಲವು ಮುಖ್ಯ ದೃಶ್ಯಗಳು ಕತ್ತಲ ಕಾಡಿನಲ್ಲಿ ನಡೆಯುವ ಕಾರಣ ಬೀದಿದೀಪದ ಬೆಳಕು ಬೀಳದ ಮೂಲೆ ಬೇಕು, ಏಳೂವರೆಗೆ ಮುಂಚೆ ಆರಂಭಿಸಲೂಬಾರದು. ಪರದೆಗೆ ಬೇಕಾದ ಬಿಳಿ ಬಟ್ಟೆಯೂ ಅಂಚಿಗೆ ಕಪ್ಪು ಬಟ್ಟೆಯೂ ಚಿಕ್ಕಪೇಟೆಯಲ್ಲಿ ಸಿಗುತ್ತವೆ. ಉದ್ದನೆಯ ಎಚ್‌ಡಿಎಂಐ ಕೇಬಲ್‌ಗೆ ಎಸ್.ಪಿ. ರಸ್ತೆ ಇದೆ. ಅಪಾರ್ಟ್‌ಮೆಂಟ್ ಸಂಘದ ವತಿಯಿಂದ ಎಲ್ಲರಿಗೂ ತೋರಿಸುವುದಾದರೆ ಹಕ್ಕುದಾರರ ಅನುಮತಿ ಪಡೆಯಿರಿ, ಏಕೆಂದರೆ ಒಟಿಟಿ ಚಂದಾ ಮನೆಯ ಬಳಕೆಗೆ ಮಾತ್ರ.

ಚಿಕ್ಕ ಮಕ್ಕಳಿಗೆ ಈ ಚಿತ್ರ ಬೇಡ. ಹನ್ನೆರಡು ದಾಟಿದವರ ಜೊತೆ ನೋಡುವವರು ಒಂದು ಮಾತನ್ನು ಮೊದಲೇ ಆಡಿಕೊಳ್ಳಬೇಕು. ದ್ವೀಪವಾಸಿಗಳನ್ನು ಇಲ್ಲಿ ಅನಾಗರಿಕರಂತೆ ಚಿತ್ರಿಸಲಾಗಿದೆ. ಅದು ಆ ಕಾಲದ ಹಾಲಿವುಡ್ ಬಿಳಿಯರಲ್ಲದವರನ್ನು ಕಾಣುತ್ತಿದ್ದ ರೀತಿ, ಮತ್ತು ಅದು ತಪ್ಪು. ಹಳ್ಳಿಯ ಮುಖಂಡನಾಗಿ ನಟಿಸಿರುವ ನೋಬಲ್ ಜಾನ್ಸನ್ ಅವರ ಕಥೆಯನ್ನು ಹೇಳಿದರೆ ಮಕ್ಕಳಿಗೆ ವಿಷಯ ಮನದಟ್ಟಾಗುತ್ತದೆ: 1916ರಲ್ಲಿ ಕಪ್ಪು ಜನರ ಬದುಕನ್ನು ಘನತೆಯಿಂದ ತೋರಿಸಲೆಂದು ಲಿಂಕನ್ ಮೋಷನ್ ಪಿಕ್ಚರ್ ಕಂಪನಿ ಕಟ್ಟಿದವರಲ್ಲಿ ಅವರೂ ಒಬ್ಬರು. ಚಿತ್ರದಲ್ಲಿ ಆ ಮುಖಂಡ ಕಾಣಿಸಿಕೊಂಡಾಗ ಅವರ ಹೆಸರನ್ನು ಹೇಳಿ ಮಕ್ಕಳಿಗೆ ತೋರಿಸಿ.