ಚಂದಾ ಕಟ್ಟುವ ಮೊದಲು ಜಾಬ್ ಕಾರ್ಡ್ ಪುಸ್ತಕ ತೆಗೆದೆ

ಕುಶಾಲನಗರದ ನನ್ನ ಗ್ಯಾರೇಜಿಗೆ ಮಳೆಗಾಲದಲ್ಲಿ ಬರುವ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಒಂದೇ ಕಾಯಿಲೆ: ನೀರು. ವೈರಿಂಗಿನಲ್ಲಿ ನೀರು, ಡೀಸೆಲಿನಲ್ಲಿ ನೀರು, ಬ್ರೇಕ್ ಆಯಿಲಿನಲ್ಲಿ ನೀರು. ಮೆಕ್ಯಾನಿಕಲ್ ಓದಿ, ಹೊಸೂರಿನಲ್ಲಿ ಆರು ವರ್ಷ ದುಡಿದು ಊರಿಗೆ ಮರಳಿದವನು ನಾನು. ಕಾರ್ಖಾನೆಯಲ್ಲಿ ಸಂಶಯ ಬಂದರೆ ಪಕ್ಕದ ಮೇಜಿನವರನ್ನು ಕೇಳಿದರೆ ಮುಗಿಯುತ್ತಿತ್ತು. ಇಲ್ಲಿ ಯಾರನ್ನು ಕೇಳುವುದು? ಹಾಗಾಗಿ ಎಂಜಿನಿಯರುಗಳ ಸಂಘವೊಂದನ್ನು ಸೇರಲು ಹೊರಟೆ.

ಮೊದಲ ಸಲ ಎಡವಿದೆ. ಹೆಸರಿನ ಮುಂದೆ ನಾಲ್ಕಕ್ಷರ ಬರುತ್ತದೆ ಎಂಬ ಆಸೆಗೆ ಒಂದು ಸಂಘಕ್ಕೆ ಹಣ ಕಟ್ಟಿದೆ. ಯಾವುದೆಂದು ಹೇಳುವುದಿಲ್ಲ, ತಪ್ಪು ನನ್ನದೇ. ಬಂದ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದೆ. ಎರಡನೆಯ ಮಳೆಗಾಲಕ್ಕೆ ಗಾಜಿನೊಳಗೇ ಬೂಷ್ಟು ಹಿಡಿಯಿತು.

ಮುಂದಿನ ಸಲ, ಪ್ರತಿ ಗಾಡಿಯ ರಿಪೇರಿ ಬರೆದಿಡುವ ಜಾಬ್ ಕಾರ್ಡ್ ಪುಸ್ತಕ ತೆಗೆದು, ಆ ವರ್ಷ ಉತ್ತರ ಸಿಗದೆ ಒದ್ದಾಡಿದ ಪ್ರಶ್ನೆಗಳನ್ನೆಲ್ಲ ಒಂದು ಹಾಳೆಗೆ ಇಳಿಸಿದೆ. ಇಪ್ಪತ್ಮೂರು ಆದವು. ಇವುಗಳಲ್ಲಿ ಎಷ್ಟಕ್ಕೆ ಯಾರು ಉತ್ತರ ಕೊಡುತ್ತಾರೆ ಎಂದು ಹುಡುಕುತ್ತಾ ಹೋದೆ.

ಅರ್ಧದಷ್ಟಕ್ಕೆ ಸಂಘವೇ ಬೇಕಾಗಿರಲಿಲ್ಲ. ಸಂಪಾಜೆ ಘಟ್ಟ ಇಳಿಯುವಾಗ ಬ್ರೇಕ್ ಪೆಡಲ್ ಮೆತ್ತಗಾಗುತ್ತದೆ ಎಂದು ತೋಟದ ಮಾಲೀಕರೊಬ್ಬರು ಜೀಪು ತಂದಿದ್ದರು. "ಎರಡು ವರ್ಷದ ಹಿಂದೆ ತಾನೇ ಆಯಿಲ್ ಬದಲಿಸಿದ್ದೆವಲ್ಲ, ಮತ್ತೆ ಯಾಕಪ್ಪಾ?" ಎಂದು ಕೇಳಿದರು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ; ಘಟ್ಟದಲ್ಲಿ ಬಿಸಿಯೇರಿ ಅದು ಕುದಿದರೆ ಪೆಡಲ್ ಮೆತ್ತಗಾಗುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230 ಮತ್ತು 155. ಈ ಅಂಕಿಗಳಿರುವುದು ಅಮೆರಿಕದ ಸರ್ಕಾರಿ ನಿಯಮದಲ್ಲಿ; ಅದನ್ನು ಯಾರು ಬೇಕಾದರೂ ಓದಬಹುದು. ನಮ್ಮ ದೇಶದ ಮಾನಕ ಸಂಸ್ಥೆ ಬಿಐಎಸ್ ಕೂಡ ಭಾರತೀಯ ಮಾನಕಗಳನ್ನು ಉಚಿತವಾಗಿಯೇ ಕೊಡುತ್ತದೆ. ಹಳದಿ ಬೋರ್ಡಿನ ಗಾಡಿಗಳ ಟ್ರ್ಯಾಕಿಂಗ್ ಸಾಧನ, ತುರ್ತು ಗುಂಡಿ ಕುರಿತ ಮಾನಕ ಎಐಎಸ್ 140, ಪುಣೆಯ ವಾಹನ ಸಂಶೋಧನಾ ಸಂಸ್ಥೆ ಎಆರ್‌ಎಐ ಜಾಲತಾಣದಲ್ಲೇ ಇದೆ. ಇಷ್ಟಕ್ಕೆ ಚಂದಾ ಕಟ್ಟುವುದು ದಂಡ.

ಉಳಿದ ಪ್ರಶ್ನೆಗಳನ್ನು ಹಿಡಿದು ಮೂರು ಸಂಘಗಳನ್ನು ತೂಗಿ ನೋಡಿದೆ. 1920ರಲ್ಲಿ ಹುಟ್ಟಿದ, ಕೋಲ್ಕತ್ತಾದ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ಸೇತುವೆಯಿಂದ ಗಣಿಯವರೆಗೆ ಎಲ್ಲ ಶಾಖೆಗಳನ್ನೂ ಒಳಗೊಂಡಿದೆ. ನನ್ನ ಹಾಳೆಯಲ್ಲಿದ್ದುದು ಗಾಡಿ ಮಾತ್ರ. ಲಂಡನ್ನಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ ಐಮೆಕ್‌ಇ 1847ರಷ್ಟು ಹಳೆಯದು, ರೈಲಿನ ಜಾರ್ಜ್ ಸ್ಟೀಫನ್‌ಸನ್ ಅದರ ಮೊದಲ ಅಧ್ಯಕ್ಷರು. ಅದರಲ್ಲಿ ವಾಹನಗಳಿಗೇ ಮೀಸಲಾದ ವಿಭಾಗವಿದೆ, ಆದರೆ ಕಾಫಿ ದರ ನೋಡಿಕೊಂಡು ಬಿಲ್ ಕೊಡುವ ಗಿರಾಕಿಗಳನ್ನು ನಂಬಿ ಪೌಂಡಿನಲ್ಲಿ ಚಂದಾ ಕಟ್ಟುವ ಧೈರ್ಯ ನನಗಿಲ್ಲ. ಮೂರನೆಯದು ವಾಹನ ಎಂಜಿನಿಯರುಗಳ ಸಂಘ ಎಸ್‌ಎಇ, ಅಮೆರಿಕದಲ್ಲಿ 1905ರಲ್ಲಿ ಶುರುವಾದದ್ದು. ಎಂಜಿನ್ ಆಯಿಲ್ ಡಬ್ಬದ ಮೇಲೆ ಆಯಿಲಿನ ಮಂದತೆ ಹೇಳುವ 15ಡಬ್ಲ್ಯು-40 ಅವರ ಜೆ300 ಮಾನಕದ್ದು. ಗಾಡಿಯ ದೋಷ ಓದುವ ಸ್ಕ್ಯಾನರ್ ಚುಚ್ಚುವ ಹದಿನಾರು ಪಿನ್ನಿನ ಸಾಕೆಟ್ ಜೆ1962ರದ್ದು. ದಿನಾ ಕೈಯಲ್ಲಿ ಹಿಡಿಯುವ ವಸ್ತುಗಳೇ ಅವರ ಕಡೆ ಬೆರಳು ತೋರಿಸುತ್ತಿದ್ದವು. ಚೆನ್ನೈಯಲ್ಲಿ ಕೇಂದ್ರವಿರುವ ಎಸ್‌ಎಇ ಇಂಡಿಯಾಕ್ಕೆ ಬೆಂಗಳೂರಿನಲ್ಲೂ ವಿಭಾಗವಿದೆ ಎಂದು ತಿಳಿದ ಮೇಲೆ ಅದನ್ನೇ ಸೇರಿದೆ.

ಸದಸ್ಯನಾದೊಡನೆ ಮಾನಕಗಳೆಲ್ಲ ಪುಕ್ಕಟೆ ಎಂದು ಯಾರೂ ತಿಳಿಯಬೇಡಿ. ಎಸ್‌ಎಇ ಮಾನಕಗಳನ್ನು, ಪ್ರಬಂಧಗಳನ್ನು ಬಿಡಿಬಿಡಿಯಾಗಿ ಮಾರುತ್ತದೆ. ನಾನು ಪ್ರಬಂಧದ ಸಾರಾಂಶ ಓದಿ, ಬೇಕೇ ಬೇಕು ಎನಿಸಿದರೆ ಮಾತ್ರ ಕೊಳ್ಳುತ್ತೇನೆ. ಎರಡು ವರ್ಷದಲ್ಲಿ ಕೊಂಡದ್ದು ಮೂರು.

ನನಗೆ ದಕ್ಕಿದ್ದು ಜನ. ಸೋಮವಾರಪೇಟೆಯ ಪಿಕಪ್ ಒಂದು ಮನಸ್ಸು ಬಂದರೆ ಸ್ಟಾರ್ಟ್ ಆಗುತ್ತಿತ್ತು, ಇಲ್ಲದಿದ್ದರೆ ಇಲ್ಲ. ಸ್ಕ್ಯಾನರಿನಲ್ಲಿ ಬಂದ ದೋಷದ ಸಂಕೇತ ಯು0100, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಇಸಿಯು ಜೊತೆ ಸಂಪರ್ಕ ಕಡಿದಿದೆ. ಇಸಿಯು ಬದಲಿಸಿ ಎಂದು ಬೇರೆ ಕಡೆ ಹೇಳಿದ್ದರಂತೆ. ಬೆಂಗಳೂರಿನ ಸಭೆಯಲ್ಲಿ ಪರಿಚಯವಾದ ಹಿರಿಯರಿಗೆ ಫೋನ್ ಮಾಡಿದೆ. "ಬ್ಯಾಟರಿ ಟರ್ಮಿನಲ್ ಕಳಚಿ, ಸ್ಕ್ಯಾನರ್ ಸಾಕೆಟ್ಟಿನ ಆರನೇ ಪಿನ್ನಿಗೂ ಹದಿನಾಲ್ಕನೆಯದಕ್ಕೂ ಮಲ್ಟಿಮೀಟರ್ ಹಿಡಿಯಿರಿ, ಎಷ್ಟು ತೋರಿಸುತ್ತದೆ?" ಎಂದರು. 120 ಓಮ್. "60 ಇರಬೇಕಿತ್ತು" ಎಂದರು. ಸಂಪರ್ಕದ ತಂತಿಯ ಎರಡೂ ತುದಿಗೆ 120ರ ಒಂದೊಂದು ರೆಸಿಸ್ಟರ್ ಇರುತ್ತದೆ. ಎರಡೂ ಕೂಡಿದ್ದರೆ 60, ಒಂದು ಕಡೆ ತಂತಿ ಕಡಿದರೆ 120. ಹುಡುಗನ ಜೊತೆ ಸೇರಿ ಮ್ಯಾಟ್ ಎತ್ತಿ ತಂತಿಯ ಜಾಡು ಹಿಡಿದೆವು. ಡ್ರೈವರ್ ಕಾಲಡಿಯ ಕನೆಕ್ಟರಿನ ಒಂದು ಪಿನ್ ಹಸಿರು ಕಿಲುಬಾಗಿ, ಮುಟ್ಟಿದರೆ ಉದುರುವಂತಿತ್ತು. ಪಿನ್ ಬದಲಿಸಿ ಅಳೆದಾಗ 60 ಬಂತು.

ಹಾಳೆಯಲ್ಲಿ ಇನ್ನು ನಾಲ್ಕು ಉಳಿದಿವೆ. ತೋಟದೊಳಗೇ ಎರಡನೇ ಗೇರಿನಲ್ಲಿ ತೆವಳುವ ಬಿಎಸ್6 ಡೀಸೆಲ್ ಗಾಡಿಗಳ ಮಸಿ ಫಿಲ್ಟರ್ ಪದೇ ಪದೇ ಕಟ್ಟಿಕೊಳ್ಳುತ್ತದೆ; ಬಿಸಿಯೇರಿ ಮಸಿ ಸುಡಲಿ, ಹೆದ್ದಾರಿಯಲ್ಲಿ ಓಡಿಸಿ ಎಂದರೆ ಮಾಲೀಕರು ನಗುತ್ತಾರೆ. ಮುಂದಿನ ಸಭೆಗೆ ಅದನ್ನು ಹಿಡಿದು ಹೋಗುವವನಿದ್ದೇನೆ.